ಮ್ಯೂಸಿಯಂಗೂ ಮೊದಲು ಮೋರಿ? ಮಧ್ಯಮ ಗಾತ್ರದ ನಗರ ಮತ್ತೆ ಮೇಲೇಳುವ ಬಗ್ಗೆ ಒಂದು ಚರ್ಚೆ

ಪಡಸಾಲೆ:
ಮೂರು ನಾಲ್ಕು ಲಕ್ಷ ಜನರಿರುವ ಒಂದು ನಗರ ಅಂದುಕೊಳ್ಳಿ. ರಾಜಧಾನಿಯೂ ಅಲ್ಲ, ಹಳ್ಳಿಯೂ ಅಲ್ಲ. ಒಂದು ಕಾಲಕ್ಕೆ ಊರಿಗೇ ಅನ್ನ ಹಾಕುತ್ತಿದ್ದ ಕಾರ್ಖಾನೆ ಬಾಗಿಲು ಮುಚ್ಚಿದೆ. ನಡುಪೇಟೆಯ ಕಟ್ಟಡಗಳು ಹಳತಾಗಿವೆ. ಓದಿದ ಮಕ್ಕಳು ಒಬ್ಬೊಬ್ಬರಾಗಿ ದೊಡ್ಡ ಊರಿನ ಬಸ್ಸು ಹತ್ತುತ್ತಿದ್ದಾರೆ. ಪಾಲಿಕೆಯ ಕೈಯಲ್ಲಿರುವ ದುಡ್ಡು ಒಂದೇ ಒಂದು ದೊಡ್ಡ ಕೆಲಸಕ್ಕೆ ಸಾಕು, ಎರಡಕ್ಕೆ ಸಾಲದು.

ಯಾರ ಹತ್ತಿರ ಈ ಮಾತೆತ್ತಿದರೂ ಬರುವ ಉತ್ತರ ಒಂದೇ: ಬಿಲ್ಬಾವೊ ನೋಡಿ. ಸ್ಪೇನಿನ ಉಕ್ಕಿನ ಊರು, ಹಡಗು ಕಟ್ಟುತ್ತಿದ್ದ ಊರು, ಸೊರಗಿ ಹೋಗಿತ್ತು. 1997ರಲ್ಲಿ ಫ್ರಾಂಕ್ ಗೆರಿ ವಿನ್ಯಾಸದ ಗುಗೆನ್‌ಹೈಮ್ ಮ್ಯೂಸಿಯಂ ಬಂತು, ಊರಿನ ಹಣೆಬರಹವೇ ಬದಲಾಯಿತು ಅಂತಾರೆ. ಇದು ಎಷ್ಟು ನಿಜ? ಇಂಥ ನಗರ ಒಂದು ಭರ್ಜರಿ ಕಟ್ಟಡಕ್ಕೆ ದುಡ್ಡು ಸುರಿಯಬೇಕೇ, ಅಥವಾ ಅದನ್ನೇ ನೂರು ಚಿಕ್ಕ ಕೆಲಸಗಳಿಗೆ ಹಂಚಬೇಕೇ? ತಿಳಿದವರು ಹೇಳಿ. ನಾನು ವಿಷಯ ತಿಳಿದವನಲ್ಲ, ಕುತೂಹಲ ಅಷ್ಟೇ.

ನೇರನುಡಿ:
ಒಂದೇ ಕೆಲಸ, ದೊಡ್ಡ ಕೆಲಸ. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ನೂರು ಚಿಕ್ಕ ಕೆಲಸ ಅಂದರೆ ನೂರು ಟೆಂಡರ್, ನೂರು ಗುತ್ತಿಗೆದಾರರು, ಐದು ವರ್ಷ ಕಳೆದ ಮೇಲೆ ಯಾರಿಗೂ ನೆನಪಿರದ ನೂರು ಬಿಲ್ಲುಗಳು. ಹೊರಗಿನಿಂದ ಬಂಡವಾಳ ಹಾಕುವವನು ನಿಮ್ಮ ಫುಟ್‌ಪಾತ್ ನೋಡಿ ಬರುವುದಿಲ್ಲ. ಈ ಊರು ಎದ್ದು ನಿಲ್ಲಲು ಹೊರಟಿದೆ ಅಂತ ಅವನಿಗೆ ದೂರದಿಂದಲೇ ಕಾಣಬೇಕು. ಮಕ್ಕಳು ಬಸ್ಸು ಹತ್ತುವುದು ಕೆಲಸ ಇಲ್ಲ ಅಂತ, ಚರಂಡಿ ಸರಿಯಿಲ್ಲ ಅಂತಲ್ಲ.

ಕಲ್ಲುಚಪ್ಪಡಿ:
ಚರಂಡಿ ಎಂದಿರಿ, ಸುಮ್ಮನಿರಲಾಗಲಿಲ್ಲ. ಒಳಚರಂಡಿ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು, ಹಾಗಾಗಿ ನನ್ನ ಪಕ್ಷಪಾತವನ್ನು ಮೊದಲೇ ಒಪ್ಪಿಕೊಂಡು ಬರೆಯುತ್ತೇನೆ.

ಬಿಲ್ಬಾವೊದ ನಡುವೆ ಹರಿಯುವ ನೆರ್ವಿಯೋನ್ ನದಿಗೆ ಕಾರ್ಖಾನೆಗಳ ಕಲ್ಮಷವೂ ಮನೆಗಳ ಕೊಳಚೆಯೂ ದಶಕಗಟ್ಟಲೆ ನೇರವಾಗಿ ಸೇರುತ್ತಿತ್ತು. ಅದನ್ನು ಸರಿಪಡಿಸುವ ಸಮಗ್ರ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1979ರಲ್ಲಿ, ಕೆಲಸ ಶುರುವಾಗಿದ್ದು 1984ರಲ್ಲಿ. ಅಂದರೆ ಮ್ಯೂಸಿಯಂ ಬಾಗಿಲು ತೆರೆಯುವ 13 ವರ್ಷ ಮೊದಲು. ಕೊಳವೆ, ಶುದ್ಧೀಕರಣ ಘಟಕ ಅಂತ ಮ್ಯೂಸಿಯಂ ಕಟ್ಟಡಕ್ಕೆ ತಗಲಿದ್ದಕ್ಕಿಂತ ಹಲವು ಪಟ್ಟು ಹಣ ನೆಲದೊಳಗೆ ಹೋಯಿತು. ನಾರ್ಮನ್ ಫಾಸ್ಟರ್ ವಿನ್ಯಾಸ ಮಾಡಿದ ನಿಲ್ದಾಣಗಳ ಮೆಟ್ರೊ ಓಡಲು ಶುರುವಾಗಿದ್ದು 1995ರಲ್ಲಿ, ಅದೂ ಮ್ಯೂಸಿಯಂಗಿಂತ ಮೊದಲೇ. ಬಂದರನ್ನು ನಗರದ ನಡುವಿನಿಂದ ಸಮುದ್ರದ ಬಾಯಿಗೆ ಸರಿಸುವ ಕೆಲಸ ಇವೆಲ್ಲದರ ಜೊತೆಜೊತೆಗೇ ನಡೆಯಿತು.

ಹೊಳೆಯ ದಡದಲ್ಲಿ ಮೂಗು ಮುಚ್ಚಿಕೊಂಡೇ ನಿಲ್ಲಬೇಕಾಗಿದ್ದರೆ, ಅಲ್ಲಿ ಟೈಟೇನಿಯಂ ಹೊದಿಸಿದ ಕಟ್ಟಡ ಕಟ್ಟಿ ಯಾರಿಗೆ ತೋರಿಸುತ್ತಿದ್ದರು?

ಅರ್ಧಚಂದ್ರ:
ಮೋರಿ ಮುಂದೆ ನಿಂತು ಯಾರೂ ಸೆಲ್ಫಿ ತೆಗೆದುಕೊಳ್ಳಲ್ಲ ಸರ್. ಅದಕ್ಕೇ ಮೋರಿಗೆ ಟೇಪು ಕತ್ತರಿಸುವವರೂ ಇಲ್ಲ, ಹೆಸರು ಕೆತ್ತಿಸುವವರೂ ಇಲ್ಲ.

ನೇರನುಡಿ:
ಕಲ್ಲುಚಪ್ಪಡಿ ಸರ್, ಮಾಹಿತಿಗೆ ಧನ್ಯವಾದ, ನನಗೆ ಇದು ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. ಒಳಚರಂಡಿ ಚೆನ್ನಾಗಿದ್ದೂ ನೊಣ ಹೊಡೆಯುತ್ತಾ ಕೂತಿರುವ ಊರುಗಳು ಎಷ್ಟಿಲ್ಲ? ಮೋರಿ ಇಲ್ಲದಿದ್ದರೆ ಮ್ಯೂಸಿಯಂ ನಡೆಯದು, ಒಪ್ಪಿದೆ. ಹಾಗಂತ ಮೋರಿ ಒಂದೇ ಊರನ್ನು ಎತ್ತಿ ನಿಲ್ಲಿಸುತ್ತದೆಯೇ? ಉಪ್ಪಿಲ್ಲದೆ ಅಡುಗೆ ಆಗದು ನಿಜ, ಬರೀ ಉಪ್ಪು ಬಡಿಸಿದರೆ ಊಟ ಆಗುತ್ತದೆಯೇ?

ಬಡ್ಡಿಲೆಕ್ಕ:
ನೇರನುಡಿ ಅವರ ಪ್ರಶ್ನೆ ಸರಿ, ಉತ್ತರ ತಪ್ಪು. ಊರು ಬೆಳೆಯುವುದು ಅಂದರೆ ಏನು ಅನ್ನುವುದನ್ನೇ ನಾವು ಇನ್ನೂ ಮಾತಾಡಿಲ್ಲ.

ಊರಿಗೆ ಎರಡು ಬಗೆಯ ದುಡಿಮೆ ಇರುತ್ತದೆ. ಒಂದು, ಹೊರಗಿನವರಿಗೆ ಮಾರಿ ದುಡ್ಡನ್ನು ಒಳಗೆ ತರುವುದು: ಕಾರ್ಖಾನೆ, ಸಾಫ್ಟ್‌ವೇರ್, ಸುತ್ತಲಿನ ಐದಾರು ಜಿಲ್ಲೆಯವರು ಹುಡುಕಿಕೊಂಡು ಬರುವ ಆಸ್ಪತ್ರೆ, ವಿಶ್ವವಿದ್ಯಾಲಯ. ಇನ್ನೊಂದು, ಒಳಗೆ ಬಂದ ಆ ದುಡ್ಡನ್ನು ಕೈಯಿಂದ ಕೈಗೆ ದಾಟಿಸುವುದು: ಅಂಗಡಿ, ಕ್ಷೌರ, ಆಟೊ, ಟ್ಯೂಷನ್. ಅಮೆರಿಕದ ನಗರಗಳ ಲೆಕ್ಕ ತೆಗೆದ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ 2010ರಲ್ಲಿ ತೋರಿಸಿದ್ದು ಇದನ್ನೇ. ಹೊರಗೆ ಮಾರುವ ಸರಕಿನ ತಯಾರಿಕೆಯಲ್ಲಿ ಒಂದು ಕೆಲಸ ಹೆಚ್ಚಾದರೆ ಅದೇ ಊರಿನ ಸೇವಾ ವಲಯದಲ್ಲಿ ಸುಮಾರು 1.6 ಕೆಲಸ ಹುಟ್ಟುತ್ತದೆ. ಕಾರ್ಖಾನೆ ಮುಚ್ಚಿದಾಗ ಎದುರಿನ ಹೋಟೆಲು ಯಾಕೆ ಮುಚ್ಚುತ್ತದೆ ಅನ್ನುವುದಕ್ಕೂ ಇದೇ ಲೆಕ್ಕ, ತಿರುವುಮುರುವಾಗಿ.

ಈಗ ಮಾಲ್ ವಿಷಯಕ್ಕೆ ಬನ್ನಿ. "ಮರು ಅಭಿವೃದ್ಧಿ" ಅಂದಕೂಡಲೇ ಮೊದಲು ಬರುವ ನೀಲನಕ್ಷೆ ಅದೇ ತಾನೆ? ಮಾಲ್ ಹೊರಗಿನಿಂದ ದುಡ್ಡು ತರುವುದಿಲ್ಲ. ಹಳೇ ಪೇಟೆಯ ಗಲ್ಲಾಪೆಟ್ಟಿಗೆಯಿಂದ ತನ್ನ ಗಲ್ಲಾಪೆಟ್ಟಿಗೆಗೆ ಎತ್ತಿಕೊಳ್ಳುತ್ತದೆ, ಅದರಲ್ಲೊಂದು ಪಾಲನ್ನು ಬ್ರ್ಯಾಂಡುಗಳ ಮುಖ್ಯ ಕಚೇರಿಗೆ ರವಾನಿಸುತ್ತದೆ. "ಸಾವಿರ ಜನಕ್ಕೆ ಕೆಲಸ" ಅಂತ ವರದಿಯಲ್ಲಿ ಬರೆಯುತ್ತಾರೆ. ಬೇರೆ ಕಡೆ ಹೋದ ಕೆಲಸಗಳನ್ನು ಕಳೆಯುವ ಸಾಲು ಆ ವರದಿಯಲ್ಲಿ ಇರುವುದಿಲ್ಲ.

ನೇರನುಡಿ:
ನಾನು ಮಾಲ್ ಅಂದಿಲ್ಲ. ಪ್ರವಾಸಿಗರನ್ನು ಸೆಳೆಯುವ ಕಟ್ಟಡ ಅಂದೆ. ಪ್ರವಾಸಿ ಹೊರಗಿನ ದುಡ್ಡೇ ತರುವುದು, ನಿಮ್ಮದೇ ಲೆಕ್ಕ.

ಬಡ್ಡಿಲೆಕ್ಕ:
ಹಾಗಾದರೆ ಫ್ಲಿಂಟ್ ಕಥೆ ಕೇಳಿ. ಅಮೆರಿಕದ ಮಿಷಿಗನ್ ರಾಜ್ಯದ ಕಾರು ತಯಾರಿಕೆಯ ಊರು. 1960ರಲ್ಲಿ ಸುಮಾರು 1.97 ಲಕ್ಷ ಜನ ಇದ್ದರು. ಕೆಲಸ ಕಡಿಮೆಯಾಗುತ್ತಾ ಬಂದಾಗ ಅಲ್ಲಿನವರೂ ನಿಮ್ಮ ಹಾಗೇ ಯೋಚಿಸಿದರು. ಒಂದು ದೊಡ್ಡ ಆಕರ್ಷಣೆ ಬೇಕು. 1984ರ ಜುಲೈಯಲ್ಲಿ ಆಟೋವರ್ಲ್ಡ್ ಅಂತ ಕಾರುಗಳನ್ನೇ ಕಥಾವಸ್ತು ಮಾಡಿಕೊಂಡ ಒಳಾಂಗಣ ಮನರಂಜನಾ ಉದ್ಯಾನ ತೆರೆದರು, ಹತ್ತಾರು ಮಿಲಿಯನ್ ಡಾಲರ್ ಸುರಿದು. ಆರೇ ತಿಂಗಳಲ್ಲಿ, 1985ರ ಜನವರಿಗೆ, ಬಾಗಿಲು ಹಾಕಿತು. ಆಮೇಲೆ ಆಗೊಮ್ಮೆ ಈಗೊಮ್ಮೆ ತೆರೆದು ನೋಡಿದರು, ಆಗಲಿಲ್ಲ. 1997ರಲ್ಲಿ ಕೆಡವಿದರು.

ವರ್ಷ ಗಮನಿಸಿ. ಗುಗೆನ್‌ಹೈಮ್ ತೆರೆದದ್ದೂ ಅದೇ ವರ್ಷ. ಒಂದು ಭಾಷಣಗಳಲ್ಲಿ ಉಳಿಯಿತು, ಇನ್ನೊಂದನ್ನು ಯಾರೂ ಎತ್ತುವುದಿಲ್ಲ. ಗೆದ್ದ ಕುದುರೆಯ ಫೋಟೊ ಮಾತ್ರ ಗೋಡೆಗೆ ಹಾಕಿದರೆ ರೇಸು ಸುಲಭ ಅನ್ನಿಸುವುದು ಸಹಜ.

ಕಲ್ಲುಚಪ್ಪಡಿ:
ಆ ಫ್ಲಿಂಟಿನಲ್ಲೇ 2014ರಲ್ಲಿ ಖರ್ಚು ಉಳಿಸಲು ಕುಡಿಯುವ ನೀರಿನ ಮೂಲ ಬದಲಿಸಿದರು. ಕೊಳವೆ ಸವೆಯದಂತೆ ನೀರಿಗೆ ಬೆರೆಸಬೇಕಾದದ್ದನ್ನು ಬೆರೆಸಲಿಲ್ಲ. ಹಳೇ ಕೊಳವೆಗಳಿಂದ ಸೀಸ ಕರಗಿ ಮನೆಮನೆಯ ನಲ್ಲಿಗೆ ಬಂತು. 2020ರ ಜನಗಣತಿಯಲ್ಲಿ ಆ ಊರಿನ ಜನಸಂಖ್ಯೆ ಸುಮಾರು 81 ಸಾವಿರ. ಮೋರಿ, ಕೊಳವೆ ಅಂತ ನಾನು ಗೊಣಗುವುದು ಚಟಕ್ಕಲ್ಲ ನೇರನುಡಿಯವರೇ.

ನಕಾಶೆ:
ತಡವಾಗಿ ಬಂದಿದ್ದೇನೆ. ಮ್ಯೂಸಿಯಮ್ಮೋ ಮೋರಿಯೋ ಅನ್ನುವ ಜಗಳದಲ್ಲಿ ಮೂರನೆಯದೊಂದು ಮರೆಯಾಗುತ್ತಿದೆ: ನೆಲ. ನಗರ ಯೋಜನೆ ನನ್ನ ವೃತ್ತಿ, ಸ್ವಲ್ಪ ಉದ್ದ ಆದರೆ ಕ್ಷಮಿಸಿ.

ಬಿಲ್ಬಾವೊದಲ್ಲಿ ನಾನು ಮುಖ್ಯ ಅಂದುಕೊಳ್ಳುವ ವರ್ಷ 1997 ಅಲ್ಲ, 1992. ಆ ವರ್ಷ ಬಿಲ್ಬಾವೊ ರಿಯಾ 2000 ಅನ್ನುವ ಸಾರ್ವಜನಿಕ ಕಂಪನಿ ಹುಟ್ಟಿತು. ಅರ್ಧ ಪಾಲು ಕೇಂದ್ರ ಸರ್ಕಾರದ ಕಡೆಯದು, ಅರ್ಧ ಪಾಲು ಬಿಲ್ಬಾವೊ ಇರುವ ಬಾಸ್ಕ್ ಪ್ರಾಂತ್ಯದ ಸರ್ಕಾರಗಳು ಮತ್ತು ನಗರಸಭೆಗಳದು. ಬಂದರು, ರೈಲ್ವೆ ಮುಂತಾದ ಸರ್ಕಾರಿ ಸಂಸ್ಥೆಗಳ ಹೆಸರಿನಲ್ಲಿ ನಗರದ ನಡುವೆ ಪಾಳು ಬಿದ್ದಿದ್ದ ಜಾಗಗಳು ಅದರ ಕೈಗೆ ಬಂದವು. ಕಂಪನಿ ಆ ಜಾಗದ ಕೊಳೆ ತೆಗೆದು, ರಸ್ತೆ ಹಾಕಿ, ಉದ್ಯಾನ ಮಾಡಿ, ಒಂದಿಷ್ಟು ನಿವೇಶನಗಳನ್ನು ಒಳ್ಳೆಯ ಬೆಲೆಗೆ ಮಾರಿತು. ಬಂದ ಲಾಭದಲ್ಲಿ ಅಷ್ಟು ಬೆಲೆ ಬಾರದ ಬಡ ಪ್ರದೇಶಗಳನ್ನು, ರೈಲು ಹಳಿಗಳನ್ನು, ಬೀದಿಗಳನ್ನು ಸರಿಪಡಿಸಿತು.

ಇಲ್ಲಿ ನಡೆದದ್ದೇನು? ಕೆಲಸ ಶುರುವಾದರೆ ನೆಲದ ಬೆಲೆ ಏರುತ್ತದೆ. ಎಲ್ಲ ಊರಿನಲ್ಲೂ ಏರುತ್ತದೆ. ಏರಿದ ಬೆಲೆ ಯಾರ ಜೇಬಿಗೆ ಹೋಗುತ್ತದೆ ಅನ್ನುವುದರ ಮೇಲೆ ಊರಿನ ಮುಂದಿನ ಇಪ್ಪತ್ತು ವರ್ಷ ನಿಂತಿರುತ್ತದೆ. ಅಲ್ಲಿ ಅದು ಮತ್ತೆ ಊರಿನ ಕೆಲಸಕ್ಕೇ ಬಂತು. ಹೆಚ್ಚಿನ ಕಡೆ ಯೋಜನೆಯ ಸುದ್ದಿ ಮೊದಲೇ ಕಿವಿಗೆ ಬಿದ್ದವರು ಸುತ್ತಲ ಜಾಗ ಕೊಂಡಿರುತ್ತಾರೆ. ಪಾಲಿಕೆ ಸಾಲ ತೀರಿಸುತ್ತಿರುತ್ತದೆ, ಅವರು ಬಾಡಿಗೆ ಎಣಿಸುತ್ತಿರುತ್ತಾರೆ.

ಪಡಸಾಲೆ:
ಮೇಡಂ, ಇದನ್ನು ಕೇಳಿ ನನ್ನ ಪ್ರಶ್ನೆಯೇ ಸ್ವಲ್ಪ ಅಲುಗಾಡಿತು. ಆದರೆ ಎಲ್ಲ ಕಡೆ ಜಾಗ ಸರ್ಕಾರದ ಕೈಯಲ್ಲಿ ಇರುವುದಿಲ್ಲವಲ್ಲ? ಹಳೇ ಪೇಟೆಯೆಂದರೆ ಒಂದೊಂದು ಗೋಡೆಗೆ ಮೂವರು ಮಾಲೀಕರು, ಅವರಲ್ಲಿ ಇಬ್ಬರು ಕೋರ್ಟಿನಲ್ಲಿ.

ನೇರನುಡಿ:
ಅದಕ್ಕೇ ಭೂಸ್ವಾಧೀನ ಅಂತ ಒಂದಿದೆ. ಹತ್ತು ಜನ ಹಟ ಹಿಡಿದರೆಂದು ಮೂರು ಲಕ್ಷ ಜನ ಕಾಯಬೇಕೇ?

ಮಹಡಿಮೆಟ್ಟಿಲು:
ಹತ್ತು ಜನ, ಮೂರು ಲಕ್ಷ ಜನ. ಈ ಲೆಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಆ ಹತ್ತರಲ್ಲೂ ಸೇರುವವಳಲ್ಲ, ಯಾಕೆಂದರೆ ಆ ಹತ್ತು ಜನ ಮಾಲೀಕರು. ನಾನು ಮೊದಲ ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಬಾಡಿಗೆದಾರಳು. ಕಟ್ಟಡ ಕೆಡವುವಾಗ ಮಾಲೀಕರಿಗೆ ಪರಿಹಾರ ಬಂತು. ನನಗೆ ಬಂದದ್ದು ಹದಿನೈದು ದಿನದ ಗಡುವು. ಗಿರಾಕಿಗಳು ಬರುತ್ತಿದ್ದುದು ಆ ಮೆಟ್ಟಿಲು ಹತ್ತಿ. ಯಂತ್ರ ಬೇರೆ ಕಡೆ ಸಾಗಿಸಬಹುದು, ಹನ್ನೊಂದು ವರ್ಷ ಮೆಟ್ಟಿಲು ಹತ್ತಿ ಅಭ್ಯಾಸವಾದ ಕಾಲುಗಳನ್ನು ಸಾಗಿಸೋಕೆ ಆಗುತ್ತಾ?

ನೇರನುಡಿ:
ಅಕ್ಕಾ, ನಿಮ್ಮ ವಿಷಯದಲ್ಲಿ ಆದದ್ದು ತಪ್ಪು, ವಾದ ಮಾಡುವುದಿಲ್ಲ. ಆದರೆ ಒಂದು ತಪ್ಪಾಗಿದೆ ಎಂದು ಇಡೀ ಪೇಟೆ ಹಾಗೇ ಬಿದ್ದಿರಲಿ ಅನ್ನೋಕಾಗಲ್ಲ.

ಮಹಡಿಮೆಟ್ಟಿಲು:
ಬಿದ್ದಿರಲಿ ಅಂತ ನಾನು ಎಲ್ಲಿ ಹೇಳಿದೆ ತಮ್ಮಾ? ಆ ಕಟ್ಟಡದ ತಾರಸಿ ಸೋರುತ್ತಿತ್ತು. ಮೊದಲು ದೂರು ಕೊಟ್ಟವಳೇ ನಾನು.

ನಕಾಶೆ:
ಭೂಸ್ವಾಧೀನದ ಬಗ್ಗೆ ಒಂದು ಹೇಳಲೇಬೇಕು. ಅಮೆರಿಕದ ನ್ಯೂ ಲಂಡನ್ ಅನ್ನುವ ಪುಟ್ಟ ನಗರ. ಪಕ್ಕದಲ್ಲೇ ಫೈಜರ್ ಸಂಶೋಧನಾ ಕೇಂದ್ರ ಬರುತ್ತಿದೆ ಅಂತ ಸುತ್ತಲ ಮನೆಗಳನ್ನು ತೆಗೆದು ಹೋಟೆಲು, ಕಚೇರಿ ಕಟ್ಟಲು ಹೊರಟರು. ಸುಸೆಟ್ ಕೆಲೋ ಅನ್ನುವ ಮಹಿಳೆ ಮನೆ ಬಿಡಲೊಪ್ಪದೆ ಸುಪ್ರೀಂ ಕೋರ್ಟಿನವರೆಗೂ ಹೋದರು. 2005ರಲ್ಲಿ 5-4ರ ಬಹುಮತದಲ್ಲಿ ನಗರ ಗೆದ್ದಿತು: ಆರ್ಥಿಕ ಬೆಳವಣಿಗೆಯೂ ಸಾರ್ವಜನಿಕ ಉದ್ದೇಶವೇ ಎಂದಿತು ಕೋರ್ಟು. ಮನೆಗಳು ಹೋದವು. 2009ರಲ್ಲಿ ಕಂಪನಿ ಅಲ್ಲಿಂದ ಹೊರಡುವುದಾಗಿ ಘೋಷಿಸಿತು. ಮನೆಗಳಿದ್ದ ಜಾಗ ವರ್ಷಗಟ್ಟಲೆ ಹುಲ್ಲು ಬೆಳೆದು ಖಾಲಿ ಬಿದ್ದಿತ್ತು.

ಕಾನೂನಿನಲ್ಲಿ ಗೆದ್ದರು ನೇರನುಡಿಯವರೇ. ಹಟ ಹಿಡಿದವರನ್ನು ಎಬ್ಬಿಸಲೂ ಆಯಿತು. ಬೆಳವಣಿಗೆ ಮಾತ್ರ ಬರಲಿಲ್ಲ.

ಅರ್ಧಚಂದ್ರ:
ನನ್ನ ಹೆಸರಿನ ಪ್ರಯೋಗ ಅಲ್ಲೂ ಆಗಿದೆ ಅಂತಾಯ್ತು.

ನಕಾಶೆ:
ಪಡಸಾಲೆಯವರ ಪ್ರಶ್ನೆಗೆ ಬರುತ್ತೇನೆ, ಖಾಸಗಿ ಜಾಗ ಚೂರುಚೂರಾಗಿದ್ದರೆ ಏನು ಮಾಡುವುದು ಅಂತ. 2001ರ ಜನವರಿ 26ರ ಭೂಕಂಪದ ನಂತರ ಗುಜರಾತಿನ ಭುಜ್ ನಗರದ ಹಳೇ ಕೋಟೆ ಪ್ರದೇಶವನ್ನು ಕಟ್ಟಿದ ರೀತಿ ನೋಡಿ. ಯಾರ ಜಾಗವನ್ನೂ ಪೂರ್ತಿ ಕಿತ್ತುಕೊಳ್ಳಲಿಲ್ಲ. ಎಲ್ಲರ ನಿವೇಶನಗಳನ್ನೂ ಒಟ್ಟುಗೂಡಿಸಿ, ಪ್ರತಿಯೊಬ್ಬರಿಂದಲೂ ಸ್ವಲ್ಪ ಸ್ವಲ್ಪ ಕಡಿತ ಮಾಡಿ, ಆ ಕಡಿತದಲ್ಲಿ ರಸ್ತೆ ಮತ್ತು ಬಯಲು ಜಾಗ ಬಿಟ್ಟು, ಉಳಿದದ್ದನ್ನು ಸರಿಯಾದ ಆಕಾರದಲ್ಲಿ ಅವರವರಿಗೇ ಮರಳಿಸಿದರು. ತೀರಾ ಚಿಕ್ಕ ನಿವೇಶನದವರಿಗೆ ಕಡಿತವೇ ಇಲ್ಲ, ದೊಡ್ಡದಾದಷ್ಟೂ ಕಡಿತ ಹೆಚ್ಚು. ಜಾಗ ಕುಗ್ಗುತ್ತದೆ, ಆದರೆ ಗಾಡಿ ಹೋಗದ ಓಣಿಯಲ್ಲಿದ್ದದ್ದು ರಸ್ತೆಗೆ ಮುಖ ಮಾಡುತ್ತದೆ, ಹಾಗಾಗಿ ಬೆಲೆ ಕುಗ್ಗುವುದಿಲ್ಲ. ಜಪಾನಿನ ನಗರಗಳೂ ಇದೇ ಬಗೆಯ ಮರುಹೊಂದಾಣಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿವೆ. ತಾಳ್ಮೆ ಬೇಕು, ಪ್ರತಿ ಗೋಡೆಯನ್ನೂ ಅಳೆಯಬೇಕು, ಪ್ರತಿ ಮನೆಯವರ ಜೊತೆ ಕೂತು ಮಾತಾಡಬೇಕು.

ಮಹಡಿಮೆಟ್ಟಿಲು:
ಮೇಡಂ, ನಿವೇಶನ ಇದ್ದವರಿಗೆ ನಿವೇಶನ ಮರಳಿತು. ಬಾಡಿಗೆಗೆ ಇದ್ದವರು?

ನಕಾಶೆ:
ಸರಿಯಾದ ಜಾಗಕ್ಕೇ ಮುಟ್ಟಿದಿರಿ. ಈ ವಿಧಾನದ ಕುರುಡು ಮೂಲೆ ಅದೇ. ಒಪ್ಪಂದ ನಡೆಯುವುದು ಮಾಲೀಕರ ನಡುವೆ. ಬಾಡಿಗೆದಾರರನ್ನು ಪ್ರತ್ಯೇಕವಾಗಿ ಸೇರಿಸದಿದ್ದರೆ ಅವರು ನಕ್ಷೆಯಲ್ಲಿ ಕಾಣುವುದೇ ಇಲ್ಲ. ನಾನು ತಯಾರಿಸಿದ ನಕ್ಷೆಗಳಲ್ಲೂ ಕಂಡಿಲ್ಲ, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಬಡ್ಡಿಲೆಕ್ಕ:
ದುಡ್ಡಿನ ಕಡೆಯಿಂದ ಎರಡು ಬಲೆಗಳ ಬಗ್ಗೆ ಹೇಳಿ ನನ್ನ ಪಾಲು ಮುಗಿಸುತ್ತೇನೆ.

ಮೊದಲ ಬಲೆ, "ಯೋಜನೆ ತನ್ನ ಖರ್ಚನ್ನು ತಾನೇ ಹುಟ್ಟಿಸುತ್ತದೆ" ಅನ್ನುವುದು. ಅಂದರೆ ಮುಂದೆ ಹೆಚ್ಚಾಗಲಿರುವ ಆಸ್ತಿ ತೆರಿಗೆಯನ್ನು ಇವತ್ತೇ ಅಡವಿಟ್ಟು ಸಾಲ ತರುವುದು. ಕ್ಯಾಲಿಫೋರ್ನಿಯಾ 1952ರಲ್ಲಿ ಈ ದಾರಿ ಶುರು ಮಾಡಿತು. ಕೇಳಲು ಚೆಂದ. ಆದರೆ ಆ ತೆರಿಗೆ ಯೋಜನೆ ಇಲ್ಲದಿದ್ದರೂ ಒಂದಿಷ್ಟು ಏರುತ್ತಲೇ ಇತ್ತಲ್ಲ? ಆ ಏರಿಕೆಯೂ ಯೋಜನೆಯ ಖಾತೆಗೇ ಹೋಗಿ, ಶಾಲೆ, ಕೌಂಟಿಗಳ (ಅಂದರೆ ಅಲ್ಲಿನ ಜಿಲ್ಲಾಡಳಿತಗಳ) ಪಾಲು ಕಡಿಮೆಯಾಯಿತು. ಕೊನೆಗೆ ಇಡೀ ರಾಜ್ಯದ ಆಸ್ತಿ ತೆರಿಗೆಯ ಸುಮಾರು 12 ಶೇಕಡ ಈ ದಾರಿಯಲ್ಲಿ ಹೋಗುತ್ತಿತ್ತು. ರಾಜ್ಯವೇ ರೋಸಿಹೋಗಿ 2012ರ ಫೆಬ್ರವರಿಯಲ್ಲಿ ಸುಮಾರು 400 ಮರು ಅಭಿವೃದ್ಧಿ ಸಂಸ್ಥೆಗಳನ್ನು ಒಟ್ಟಿಗೇ ವಿಸರ್ಜಿಸಿತು.

ಎರಡನೆಯದು ಕಂಪನಿಗಳಿಗೆ ರಿಯಾಯಿತಿ ಹರಾಜು. 2017ರಲ್ಲಿ ಅಮೆಜಾನ್ ತನ್ನ ಎರಡನೇ ಮುಖ್ಯ ಕಚೇರಿಗೆ ಜಾಗ ಬೇಕು ಅಂದಾಗ 238 ಕಡೆಯಿಂದ ಅರ್ಜಿ ಬಂದವು. ತೆರಿಗೆ ಬಿಡುತ್ತೇವೆ, ಜಾಗ ಕೊಡುತ್ತೇವೆ ಅಂತ ಪೈಪೋಟಿ. ಗೆದ್ದದ್ದು ಯಾರು? ಮೊದಲೇ ಎಲ್ಲವೂ ಇದ್ದ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್. ನ್ಯೂಯಾರ್ಕಿನದು ವಿರೋಧ ಬಂದು 2019ರಲ್ಲಿ ಬಿದ್ದೂಹೋಯಿತು. ಮಧ್ಯಮ ಗಾತ್ರದ ಊರುಗಳಿಗೆ ಉಳಿದದ್ದು ಅರ್ಜಿ ತಯಾರಿಸಿದ ಖರ್ಚು.

ನೇರನುಡಿ:
ಎಲ್ಲರೂ ಸೇರಿ ಏನು ಮಾಡಬಾರದು ಅಂತಲೇ ಹೇಳುತ್ತಿದ್ದೀರಿ. ಮಾಲ್ ಬೇಡ, ಮ್ಯೂಸಿಯಂ ಬೇಡ, ಸ್ವಾಧೀನ ಬೇಡ, ಸಾಲ ಬೇಡ, ರಿಯಾಯಿತಿ ಬೇಡ. ಸುಮ್ಮನೆ ಕೂತ ಊರು ತನಗೆ ತಾನೇ ಎದ್ದದ್ದನ್ನು ತೋರಿಸಿ.

ಕಲ್ಲುಚಪ್ಪಡಿ:
ಈ ಮಾತು ನನಗೂ ತಟ್ಟಿತು. ಬೇಡಗಳ ಪಟ್ಟಿ ಕಟ್ಟುವುದು ನಮ್ಮಂಥ ವಯಸ್ಸಾದವರ ಕಾಯಿಲೆ.

ಚಟನೂಗ ಅನ್ನುವ ಊರಿದೆ, ಅಮೆರಿಕದ ಟೆನೆಸ್ಸಿಯಲ್ಲಿ, ಎರಡು ಲಕ್ಷದ ಒಳಗಿನ ಜನಸಂಖ್ಯೆ. 1969ರಲ್ಲಿ ಅಲ್ಲಿನ ಗಾಳಿ ದೇಶದಲ್ಲೇ ಅತಿ ಕೊಳಕು ಎಂದು ಹೆಸರಾಗಿತ್ತು. ಮೊದಲು ಗಾಳಿ ಸರಿಮಾಡಿಕೊಂಡರು. ಆಮೇಲೆ ನಗರಕ್ಕೇ ಸೇರಿದ ವಿದ್ಯುತ್ ಸಂಸ್ಥೆ ತನ್ನ ತಂತಿಜಾಲವನ್ನು ಆಧುನಿಕಗೊಳಿಸುವ ನೆಪದಲ್ಲಿ ಊರಿಡೀ ಫೈಬರ್ ಎಳೆದು, 2010ರಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಇಂಟರ್‌ನೆಟ್ ಕೊಟ್ಟಿತು. ಆಗ ದೊಡ್ಡ ನಗರಗಳಲ್ಲೂ ಅದು ಸುಲಭವಾಗಿ ಸಿಗುತ್ತಿರಲಿಲ್ಲ. ಅದೂ ಒಂದು ಬಗೆಯ ಕೊಳವೆಯೇ ನೋಡಿ, ಕೊಳಚೆಯ ಬದಲು ಬೇರೇನೋ ಹರಿಯುತ್ತದೆ. ಕಂಪನಿಗೆ ಮಾತ್ರವಲ್ಲ, ಮನೆಯಲ್ಲಿ ಕೂತು ಕೆಲಸ ಮಾಡುವವನಿಗೂ ಅಷ್ಟೇ ವೇಗ.

ನಕಾಶೆ:
ದುಡ್ಡೇ ಹೆಚ್ಚು ಬೇಡದ ಒಂದು ಉದಾಹರಣೆ ನನ್ನಿಂದ. ನೆದರ್‌ಲ್ಯಾಂಡ್ಸಿನ ಗ್ರೋನಿಂಗೆನ್. 1977ರಲ್ಲಿ ನಡುಪೇಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗದಿಂದ ಇನ್ನೊಂದಕ್ಕೆ ಕಾರಿನಲ್ಲಿ ನೇರವಾಗಿ ಹೋಗದಂತೆ ಮಾಡಿದರು. ಹೊರವರ್ತುಲ ರಸ್ತೆಗೆ ಹೋಗಿ ಸುತ್ತಿ ಬರಬೇಕು. ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ ನೇರ ದಾರಿ. ಫಲಕ ಬದಲಿಸಿದರು, ಏಕಮುಖ ಮಾಡಿದರು, ಅಷ್ಟೇ. ವ್ಯಾಪಾರಿಗಳು ಹೌಹಾರಿದರು, ನಮ್ಮ ಅಂಗಡಿ ಮುಳುಗಿತು ಅಂತ. ಪೇಟೆ ಮುಳುಗಲಿಲ್ಲ. ಇವತ್ತು ಆ ಊರನ್ನು ನೋಡಲು ಬೇರೆ ಊರಿನ ಅಧಿಕಾರಿಗಳು ಹೋಗುತ್ತಾರೆ.

ನೇರನುಡಿ:
ಸರಿ, ಇವು ಒಪ್ಪತಕ್ಕ ಉದಾಹರಣೆಗಳು. ಗಮನಿಸಿ, ಇವೂ ಸಣ್ಣ ಕೆಲಸಗಳಲ್ಲ! ಇಡೀ ಊರಿಗೆ ಫೈಬರ್ ಎಳೆದದ್ದು ದೊಡ್ಡ ಕೆಲಸ. ಒಂದೇ ಏಟಿಗೆ ಇಡೀ ಪೇಟೆಯ ಸಂಚಾರ ಬದಲಿಸಿದ್ದು ಧೈರ್ಯದ ಕೆಲಸ. ನಾನು ಕೇಳುತ್ತಿದ್ದುದು ಇಂಥ ಧೈರ್ಯವನ್ನೇ. ಕಟ್ಟಡ ಅಂತ ಹೇಳಿದ್ದು ನನ್ನ ತಪ್ಪಿರಬಹುದು, ದೊಡ್ಡದು ಅಂತ ಹೇಳಿದ್ದು ತಪ್ಪಲ್ಲ.

ಬಡ್ಡಿಲೆಕ್ಕ:
ಇದನ್ನು ಒಪ್ಪುತ್ತೇನೆ. ಮುಗಿಸಿದೆ ಅಂದಿದ್ದೆ, ಆದರೆ ಒಂದು ಬಾಕಿ ಇದೆ.

ಅಮೆರಿಕದ ಉಕ್ಕಿನ ಊರು ಪಿಟ್ಸ್‌ಬರ್ಗ್ ಹೆಸರು ಯಾರೂ ಎತ್ತಲಿಲ್ಲ. ಉಕ್ಕು ಹೋದಮೇಲೆ ಆಸ್ಪತ್ರೆ, ವಿಶ್ವವಿದ್ಯಾಲಯ, ರೋಬೊಗಳ ಊರಾಯಿತು ಅಂತ ಹೊಗಳುತ್ತಾರೆ, ಹೊಗಳಬೇಕಾದ್ದೇ. ಉಕ್ಕಿನ ಕಂಪನಿಗಾಗಿ ಕಟ್ಟಿದ 64 ಮಹಡಿಯ ಕಟ್ಟಡದ ನೆತ್ತಿಯ ಮೇಲೆ ಈಗ ಒಂದು ಆಸ್ಪತ್ರೆ ಸಂಸ್ಥೆಯ ಅಕ್ಷರಗಳಿವೆ. ಆದರೆ 1950ರಲ್ಲಿ ಆ ನಗರದಲ್ಲಿ 6.76 ಲಕ್ಷ ಜನ ಇದ್ದರು, 2020ರಲ್ಲಿ ಸುಮಾರು 3 ಲಕ್ಷ. ಇದು ಗೆದ್ದ ಊರಿನ ಅಂಕಿ. ವಿಶ್ವವಿದ್ಯಾಲಯಗಳಿಗೂ ನೂರು ವರ್ಷದ ಬೇರಿತ್ತು, ನಿನ್ನೆ ಮೊನ್ನೆ ನೆಟ್ಟದ್ದಲ್ಲ. ಅದರ ಹತ್ತಿರವೇ ಯಂಗ್ಸ್‌ಟೌನ್ ಅನ್ನುವ ಉಕ್ಕಿನ ಊರು, 1977ರ ಸೆಪ್ಟೆಂಬರ್ 19ರ ಸೋಮವಾರ ದೊಡ್ಡ ಗಿರಣಿ ಮುಚ್ಚುವ ಸುದ್ದಿ ಬಂತು. ಒಂದು ಕಾಲದಲ್ಲಿ 1.7 ಲಕ್ಷವಿದ್ದ ಜನ ಈಗ ಸುಮಾರು 60 ಸಾವಿರ. ಅಲ್ಲಿ ಕೊನೆಗೆ 2005ರ ಹೊತ್ತಿಗೆ "ನಮ್ಮ ಊರು ಚಿಕ್ಕದಾಗಿದೆ, ಚಿಕ್ಕ ಊರಾಗಿಯೇ ಚೆನ್ನಾಗಿರೋಣ" ಅನ್ನುವ ಯೋಜನೆ ಬರೆದರು. ಖಾಲಿ ಮನೆ ಕೆಡವಿ ಹಸಿರು ಮಾಡುವುದು, ಜನರೇ ಇಲ್ಲದ ಬೀದಿಗೆ ಖರ್ಚು ನಿಲ್ಲಿಸುವುದು. ಜಾರಿಗೆ ತರಲು ತಿಣುಕಾಡಿದರು, ಅದು ಬೇರೆ ಮಾತು. ಹಾಗೆ ಬರೆಯಲೂ ಧೈರ್ಯ ಬೇಕು ನೇರನುಡಿಯವರೇ.

ಪಿಟ್ಸ್‌ಬರ್ಗಿನದು ಇನ್ನೊಂದು ಕುತೂಹಲದ ವಿಷಯ. 1913ರ ಕಾನೂನಿನ ಬಲದಿಂದ ಅಲ್ಲಿ ಕಟ್ಟಡಕ್ಕೆ ಕಡಿಮೆ, ನೆಲಕ್ಕೆ ಹೆಚ್ಚು ತೆರಿಗೆ ಇತ್ತು. ಖಾಲಿ ಜಾಗ ಬೆಲೆ ಏರಲಿ ಅಂತ ಸುಮ್ಮನೆ ಇಟ್ಟುಕೊಂಡವನಿಗೆ ಬಿಸಿ, ಕಟ್ಟಿದವನಿಗೆ ತಂಪು. ನಡುಪೇಟೆಯಲ್ಲಿ ಖಾಲಿ ನಿವೇಶನಗಳಿರುವ ಯಾವ ಊರಿಗೂ ಹೊಂದುವ ಉಪಾಯ. 2001ರಲ್ಲಿ ಅದು ಸತ್ತುಹೋಯಿತು. ಯಾಕೆ ಗೊತ್ತೇ? ನೆಲದ ಬೆಲೆಯನ್ನು ಬಹುಕಾಲ ಸರಿಯಾಗಿ ಮರುಮೌಲ್ಯಮಾಪನ ಮಾಡದೆ ಬಿಟ್ಟು, ಒಂದೇ ಸಲಕ್ಕೆ ಮಾಡಿದಾಗ ಮನೆಯವರ ಬಿಲ್ಲು ಹಾರಿ ಗಲಾಟೆಯಾಯಿತು. ತತ್ವ ಸೋಲಲಿಲ್ಲ, ಪುಸ್ತಕ ಬರೆದಿಡದ ಗುಮಾಸ್ತಗಿರಿ ಸೋತಿತು.

ಅರ್ಧಚಂದ್ರ:
ಮೋರಿ, ಕೊಳವೆ, ಗುಮಾಸ್ತ. ಈ ಚರ್ಚೆಯಲ್ಲಿ ಒಬ್ಬ ನಾಯಕನೂ ಇಲ್ಲವಲ್ಲ ಸ್ವಾಮಿ.

ಪಡಸಾಲೆ:
ಎಲ್ಲರಿಗೂ ಕೈಮುಗಿದೆ. ನನ್ನ ಮೊದಲ ಪ್ರಶ್ನೆಯನ್ನೇ ಬದಲಿಸುತ್ತೇನೆ. ದೊಡ್ಡದೋ ಚಿಕ್ಕದೋ ಬಿಡಿ. ಮುಚ್ಚಿದ ಕಾರ್ಖಾನೆಯ ಜಾಗ, ಅದರ ಪಕ್ಕ ಹಳೇ ಪೇಟೆ. ನಾಳೆ ಬೆಳಿಗ್ಗೆ ಮೊದಲು ಯಾವ ಕಾಗದ ಕೈಗೆತ್ತಿಕೊಳ್ಳಬೇಕು?

ಕಲ್ಲುಚಪ್ಪಡಿ:
ನೆಲದಡಿಯ ಕೊಳವೆಗಳ ನಕ್ಷೆ. ಇರುವುದಿಲ್ಲ. ಇದ್ದರೆ ತಪ್ಪಿರುತ್ತದೆ. ಅಗೆದು ನೋಡಿ ಹೊಸದು ಬರೆಸಿ. ಕಾರ್ಖಾನೆಯ ಮಣ್ಣನ್ನೂ ಪರೀಕ್ಷೆಗೆ ಕಳಿಸಿ. ಎಣ್ಣೆ, ಲೋಹ ಇಳಿದಿದ್ದರೆ ಸ್ವಚ್ಛ ಮಾಡುವ ಖರ್ಚು ಯಾರದ್ದು ಅನ್ನುವುದು ಜಾಗ ಕೈಬದಲಾಗುವ ಮುನ್ನವೇ ತೀರ್ಮಾನವಾಗಬೇಕು.

ಬಡ್ಡಿಲೆಕ್ಕ:
ಸುತ್ತಲ ಒಂದು ಕಿಲೋಮೀಟರಿನಲ್ಲಿ ಕಳೆದ ಎರಡು ವರ್ಷ ಯಾವ ಜಾಗ ಯಾರಿಂದ ಯಾರಿಗೆ ಮಾರಾಟವಾಗಿದೆ, ಆ ನೋಂದಣಿಗಳ ಪಟ್ಟಿ. ಅದನ್ನು ಓದಿದರೆ ಯೋಜನೆ ಯಾರದ್ದು ಅಂತ ಗೊತ್ತಾಗುತ್ತದೆ.

ನೇರನುಡಿ:
ಮುಗಿಸುವ ತಾರೀಕು ಬರೆದ ಕಾಗದ. ಉಳಿದದ್ದು ಏನು ಬೇಕಾದರೂ ಬರೆದುಕೊಳ್ಳಿ, ತಾರೀಕು ಇಲ್ಲದಿದ್ದರೆ ನಾನಿಲ್ಲ.

ನಕಾಶೆ:
ಜಾಗ ಮಾರಬೇಡಿ, ಲೀಸಿಗೆ ಕೊಡಿ ಅನ್ನುವ ಟಿಪ್ಪಣಿ. ಬಿಲ್ಬಾವೊದಲ್ಲಿ ಮಾರಿದರು, ನಡೆಯಿತು, ಆದರೆ ಮಾರಿದ ಜಾಗ ಒಮ್ಮೆ ಮಾತ್ರ ದುಡ್ಡು ಕೊಡುತ್ತದೆ. ಜೊತೆಗೆ ಬಾಡಿಗೆದಾರರ ಪಟ್ಟಿ, ಮಹಡಿವಾರು, ಮೆಟ್ಟಿಲುವಾರು.

ಮಹಡಿಮೆಟ್ಟಿಲು:
ಆ ಪಟ್ಟಿ ಯಾವ ತಾರೀಕಿಗೆ ಇದ್ದವರದ್ದು ಮೇಡಂ?

ನಕಾಶೆ:
ಘೋಷಣೆಗೆ ಮೊದಲಿನ ತಾರೀಕಿಗೆ. ಘೋಷಣೆಯಾದ ಮೇಲೆ ಪಟ್ಟಿ ಮಾಡಲು ಹೊರಟರೆ, ಅಷ್ಟರಲ್ಲಿ ಮಾಲೀಕರು ಅರ್ಧ ಜನರನ್ನು ಖಾಲಿ ಮಾಡಿಸಿರುತ್ತಾರೆ. ಇನ್ನರ್ಧ ಜಾಗದಲ್ಲಿ ಅವರ ನೆಂಟರೆಲ್ಲ ಹಳೇ ಬಾಡಿಗೆದಾರರಾಗಿ ಹುಟ್ಟಿಕೊಂಡಿರುತ್ತಾರೆ.

ಮಹಡಿಮೆಟ್ಟಿಲು:
ನನ್ನ ಜಾಗದಲ್ಲಿ ಹುಟ್ಟಿಕೊಂಡವನಿಗೆ ಹೊಲಿಗೆ ಬರುತ್ತಿರಲಿಲ್ಲ.